ಕಾರಿಲ್ಲದೆ, ಇಬ್ಬರು ಪುಟ್ಟ ಮಕ್ಕಳೊಂದಿಗೆ ರೋಮನ್ ಅವಶೇಷಗಳು: ಪೊಂಪೇಯಿಯೋ, ಓಸ್ಟಿಯಾವೋ?

ತುಂಗಾತೀರ:

ಎಲ್ಲರಿಗೂ ನಮಸ್ಕಾರ. ಮೇ ತಿಂಗಳ ಎರಡನೆಯ ವಾರ ಆರು ದಿನ ರೋಮಿನಲ್ಲಿ ಇರುತ್ತೇವೆ. ನಾನು, ನಮ್ಮ ಯಜಮಾನರು, ಅತ್ತೆ, ಆರು ವರ್ಷದ ಮಗಳು, ಎರಡೂವರೆ ವರ್ಷದ ಮಗ. ಅಲ್ಲಿ ಕಾರು ಓಡಿಸುವ ಯೋಚನೆ ಇಲ್ಲ. ಎಲ್ಲ ಓಡಾಟವೂ ರೈಲು, ಬಸ್ಸು, ಮೆಟ್ರೊಗಳಲ್ಲೇ ಆಗಬೇಕು.

ಶಾಲೆಯ ಗ್ರಂಥಾಲಯದಿಂದ ಜ್ವಾಲಾಮುಖಿಗಳ ಪುಸ್ತಕ ತಂದ ದಿನದಿಂದ ಮಗಳು ಜ್ವಾಲಾಮುಖಿಯ ಬೂದಿಯಲ್ಲಿ ಹೂತುಹೋದ ಪೊಂಪೇಯಿಯ ಜಪ ಮಾಡುತ್ತಿದ್ದಾಳೆ. ಮಗ ಹತ್ತು ನಿಮಿಷ ನಡೆದರೆ ಹನ್ನೊಂದನೆಯ ನಿಮಿಷಕ್ಕೆ ಎತ್ತಿಕೋ ಎಂದು ಕೈಚಾಚುತ್ತಾನೆ. ಅತ್ತೆಗೆ ಮಂಡಿನೋವು. ಸಮತಟ್ಟಾದ ದಾರಿಯಲ್ಲಿ ನಿಧಾನವಾಗಿ ಎಷ್ಟು ಹೊತ್ತಾದರೂ ನಡೆಯುತ್ತಾರೆ, ಮೆಟ್ಟಿಲು ಮಾತ್ರ ಕಷ್ಟ.

ನಾನು ಹಾಕಿಕೊಂಡಿರುವ ಲೆಕ್ಕ ಹೀಗಿದೆ: ಮೊದಲ ದಿನ ಕೊಲೋಸಿಯಂ ಮತ್ತು ಪ್ರಾಚೀನ ರೋಮಿನ ನಡುಚೌಕವಾದ ಫೋರಂ. ಎರಡನೆಯ ದಿನ ಬೆಳಗ್ಗೆ ರೋಮಿನಿಂದ ಹೊರಟು ಪೊಂಪೇಯಿ ನೋಡಿ ರಾತ್ರಿಗೆ ವಾಪಸ್ಸು. ಮೂರನೆಯ ದಿನ ರೋಮಿನ ಹಳೆಯ ಬಂದರು ಓಸ್ಟಿಯಾ ಆಂಟಿಕಾ. ಇದು ಆಗುವ ಕೆಲಸವೇ? ಸ್ಟ್ರಾಲರ್ ಒಯ್ಯಬೇಕೇ? ಮಕ್ಕಳಿಗೆ ಟಿಕೆಟ್ ಬೇಕೇ? ಅನುಭವ ಇದ್ದವರು ದಯವಿಟ್ಟು ತಿಳಿಸಿ.

ಕೋಟೆನಾಡು:

ನಾನು ಚಿತ್ರದುರ್ಗದವನು, ಒಂಬತ್ತು ವರ್ಷಗಳಿಂದ ರೋಮಿನಲ್ಲಿದ್ದೇನೆ. ಊರಿನಿಂದ ಬಂದವರನ್ನು ಓಸ್ಟಿಯಾಕ್ಕೆ ಕರೆದುಕೊಂಡು ಹೋದದ್ದು ಎಷ್ಟು ಸಲವೋ ನೆನಪಿಲ್ಲ. ಮೊದಲೇ ಹೇಳಿಬಿಡುತ್ತೇನೆ: ಇಷ್ಟು ಚಿಕ್ಕ ಮಕ್ಕಳನ್ನೂ ಮಂಡಿನೋವಿನ ಅತ್ತೆಯವರನ್ನೂ ಕಟ್ಟಿಕೊಂಡು ರೋಮಿನಿಂದ ಒಂದೇ ದಿನದಲ್ಲಿ ಪೊಂಪೇಯಿಗೆ ಹೋಗಿ ಬರಬೇಡಿ. ಆ ದಿನವನ್ನು ಓಸ್ಟಿಯಾಕ್ಕೆ ಕೊಡಿ. ಓಸ್ಟಿಯಾಕ್ಕೆ ಇಟ್ಟಿರುವ ದಿನವನ್ನು ಖಾಲಿ ಬಿಡಿ.

ದಾರಿ ಸುಲಭ. ಮೆಟ್ರೊ ಬಿ ಮಾರ್ಗದಲ್ಲಿ ಪಿರಾಮಿದೆ ನಿಲ್ದಾಣದಲ್ಲಿ ಇಳಿಯಿರಿ. ಕೊಲೋಸಿಯಂನಿಂದ ಎರಡೇ ನಿಲ್ದಾಣ. ಹೊರಗೆ ನಿಜವಾಗಿಯೂ ಒಂದು ಪಿರಮಿಡ್ ನಿಂತಿದೆ, ಕೆಸ್ಟಿಯಸ್ ಎಂಬ ರೋಮನ್ ಅಧಿಕಾರಿಯ ಎರಡು ಸಾವಿರ ವರ್ಷ ಹಳೆಯ ಸಮಾಧಿ. ಮಕ್ಕಳಿಗೆ ತೋರಿಸದೆ ಮುಂದೆ ಹೋಗಬೇಡಿ. ಪಕ್ಕದ ಪೋರ್ತಾ ಸಾನ್ ಪಾವೊಲೊ ನಿಲ್ದಾಣದಿಂದ ಕಡಲ ಕಡೆಗೆ ಹೋಗುವ ರೈಲು ಹೊರಡುತ್ತದೆ. ಸುಮಾರು ಅರ್ಧ ಗಂಟೆಗೆ ಓಸ್ಟಿಯಾ ಆಂಟಿಕಾ. ಬೇರೆ ಟಿಕೆಟ್ ಬೇಡ. ಮೆಟ್ರೊಗೆ ಕೊಂಡ 1.50 ಯೂರೋ ಟಿಕೆಟ್ಟೇ 100 ನಿಮಿಷಗಳ ಒಳಗೆ ಈ ರೈಲಿಗೂ ನಡೆಯುತ್ತದೆ. ರೋಮಿನ ನಗರ ಸಾರಿಗೆಯಲ್ಲಿ 10 ವರ್ಷದ ಒಳಗಿನ ಮಕ್ಕಳಿಗೆ ದೊಡ್ಡವರ ಜೊತೆ ಉಚಿತ. ಅವಶೇಷಗಳ ಒಳಗೂ 18 ವರ್ಷದ ಒಳಗಿನವರಿಗೆ ದುಡ್ಡಿಲ್ಲ. ಅಂದರೆ ಇಬ್ಬರು ಮಕ್ಕಳ ಖರ್ಚು ಸೊನ್ನೆ.

ನಿಲ್ದಾಣದಿಂದ ಹೊರಬಂದರೆ ಎದುರಿಗೇ ನೀಲಿ ಬಣ್ಣದ ಕಾಲ್ಸೇತುವೆ. ಅದನ್ನು ದಾಟಿ ನೇರ ನಡೆದರೆ ಮಕ್ಕಳ ನಡಿಗೆಯಲ್ಲೂ ಹತ್ತು ನಿಮಿಷ ಸಾಕು. ಸೋಮವಾರ ರಜೆ, ಮರೆಯಬೇಡಿ.

ಮಕ್ಕಳಿಗೆ ಯಾಕೆ ಓಸ್ಟಿಯಾ ಎಂದರೆ, ಅಲ್ಲಿ ಅರಮನೆಗಿಂತ ಅಂಗಡಿ, ಗಿರಣಿ, ಮಹಡಿಮನೆ, ಹೋಟೆಲುಗಳೇ ಹೆಚ್ಚು. ಟೈಬರ್ ನದಿ ಕಡಲು ಸೇರುವಲ್ಲಿ ಇದ್ದ ಬಂದರು ಪಟ್ಟಣ ಅದು. ನದಿ ಹೂಳು ತಂದು ಸುರಿದು ಸುರಿದು ಈಗ ಕಡಲೇ ದೂರ ಸರಿದಿದೆ. ಬಾಗಿಲಿನಿಂದ ಒಂದೇ ನೇರಕ್ಕೆ ಮುಖ್ಯ ಬೀದಿ, ಎರಡೂ ಕಡೆ ಮನೆಗಳು, ನಡುನಡುವೆ ಛತ್ರಿಯಂತೆ ಹರಡಿದ ಪೈನ್ ಮರಗಳ ನೆರಳು. ಮಕ್ಕಳು ಓಡಬಹುದು, ಎಡವಿದರೂ ಎದ್ದು ಮತ್ತೆ ಓಡಬಹುದು. ಕೊಲೋಸಿಯಂನ ಜನಜಂಗುಳಿಯಲ್ಲಿ ಕೈ ಬಿಟ್ಟರೆ ಎದೆ ಹೊಡೆದುಕೊಳ್ಳುತ್ತದೆ.

ಹಾಸನದ ಅಮ್ಮ:

ಕೋಟೆನಾಡು ಅವರು ಹೇಳಿದ್ದಕ್ಕೆ ನನ್ನ ಸಹಮತವಿದೆ. ಹೋದ ವರ್ಷ ನಾವು ನೀವು ಮಾಡಬೇಕೆಂದಿರುವುದನ್ನೇ ಮಾಡಿದೆವು. ನಮ್ಮದು ಮೂರು ವರ್ಷದ ಮಗು. ರೋಮಿನಿಂದ ನೇಪಲ್ಸ್‌ಗೆ ವೇಗದ ರೈಲಿನಲ್ಲಿ ಒಂದು ಗಂಟೆ ಹತ್ತು ನಿಮಿಷ. ಅಲ್ಲಿಂದ ಚಿರ್ಕುಮ್‌ವೆಸುವಿಯಾನಾ ಎಂಬ ಸ್ಥಳೀಯ ರೈಲಿನಲ್ಲಿ ಸೊರೆಂಟೊ ಕಡೆಗೆ, ಪೊಂಪೇಯಿ ಸ್ಕಾವಿ ನಿಲ್ದಾಣಕ್ಕೆ ಸುಮಾರು ನಲವತ್ತು ನಿಮಿಷ. ಕಾಗದದ ಮೇಲೆ ಎರಡು ಗಂಟೆಯ ಒಳಗಿನ ಪ್ರಯಾಣ. ಆದರೆ ನಡುವೆ ರೈಲು ಬದಲಿಸಬೇಕು, ಮಗುವನ್ನು ಶೌಚಾಲಯಕ್ಕೆ ಕರೆದೊಯ್ಯಬೇಕು, ಬಾಳೆಹಣ್ಣು ತಿನ್ನಿಸಬೇಕು. ಬೆಳಗ್ಗೆ ಏಳಕ್ಕೆ ಬಿಟ್ಟ ನಾವು ಪೊಂಪೇಯಿಯ ಬಾಗಿಲಲ್ಲಿ ನಿಂತಾಗ ಹತ್ತೂಮುಕ್ಕಾಲು. ಬಿಸಿಲು ನೆತ್ತಿಗೆ ಬಂದಿತ್ತು, ಮಗು ನನ್ನ ಹೆಗಲ ಮೇಲೆ ನಿದ್ದೆ ಹೋಗಿತ್ತು. ಎರಡೂವರೆ ಗಂಟೆ ನೋಡಿದೆವು. ಅದರಲ್ಲಿ ಒಂದೂಕಾಲು ಗಂಟೆ ಅವಳು ಮಲಗೇ ಇದ್ದಳು. ಎದ್ದ ಮೇಲೆ ಅವಳು ಕೇಳಿದ್ದು ಒಂದೇ ಪ್ರಶ್ನೆ: ಮತ್ತೆ ರೈಲು ಯಾವಾಗ?

ಪೊಂಪೇಯಿ ದೊಡ್ಡದು, ಬಹಳ ದೊಡ್ಡದು, ನೆರಳು ಕಡಿಮೆ. ನೋಡಲೇಬೇಕೆಂದರೆ ನೇಪಲ್ಸ್‌ನಲ್ಲಿ ಎರಡು ರಾತ್ರಿ ತಂಗಿ. ಇನ್ನೊಂದು ಮಾತು, ಟಿಕೆಟ್ ಮೊದಲೇ ಮಾಡಿಸಿ. 2024ರ ನವೆಂಬರ್‌ನಿಂದ ದಿನಕ್ಕೆ 20,000 ಜನರಿಗಷ್ಟೇ ಪ್ರವೇಶ, ಟಿಕೆಟ್ಟಿನ ಮೇಲೆ ಹೆಸರೂ ಇರುತ್ತದೆ.

ತುಂಗಾತೀರ:

ಇಬ್ಬರಿಗೂ ಧನ್ಯವಾದ. ನೀವು ಹೇಳುವುದು ಅರ್ಥವಾಗುತ್ತಿದೆ, ಆದರೆ ಮಗಳಿಗೆ ಹೇಗೆ ಹೇಳುವುದು ಎಂದು ಸಂಕಟ. ನೇಪಲ್ಸ್‌ನಲ್ಲಿ ಒಂದು ರಾತ್ರಿ ಉಳಿದು ಪೊಂಪೇಯಿಯ ಬದಲು ಅದರ ಜೊತೆಗೇ ಹೂತುಹೋದ ನೆರೆಯ ಊರು ಹರ್ಕ್ಯುಲೇನಿಯಂ ನೋಡಿದರೆ ಹೇಗೆ? ಅದು ಚಿಕ್ಕದಂತೆ. ಅಲ್ಲಿ ಅಸ್ಥಿಪಂಜರಗಳಿವೆ ಎಂದು ಓದಿದೆ. ಪೊಂಪೇಯಿಯಲ್ಲೂ ಸತ್ತವರ ಅಚ್ಚುಗಳಿವೆ. ಆರು ವರ್ಷದ ಮಗುವಿಗೆ ಅದನ್ನು ತೋರಿಸಬಹುದೇ?

ನಿವೃತ್ತ ಮೇಷ್ಟ್ರು:

ಮೂವತ್ತೆರಡು ವರ್ಷ ಮಕ್ಕಳಿಗೆ ಇತಿಹಾಸ ಪಾಠ ಮಾಡಿದವನು ನಾನು. ಮೊಮ್ಮಗನ ಜೊತೆ ಎರಡೂ ಕಡೆ ಹೋಗಿ ಬಂದಿದ್ದೇನೆ, ಆಗ ಅವನಿಗೆ ಏಳು ವರ್ಷ. ನನ್ನ ಅಭಿಪ್ರಾಯ ಹೇಳುತ್ತೇನೆ.

ಪೊಂಪೇಯಿಯ ಅಚ್ಚುಗಳನ್ನು ಮೊದಲು ನೋಡಿದವರು ಶಿಲ್ಪ ಎಂದುಕೊಳ್ಳುತ್ತಾರೆ. ಮಕ್ಕಳೂ ಹಾಗೆಯೇ ಅಂದುಕೊಂಡು ಪಕ್ಕದಲ್ಲಿ ನಿಂತು ಫೋಟೊ ತೆಗೆಸಿಕೊಳ್ಳಲು ಹೋಗುತ್ತಾರೆ. ಕ್ರಿ.ಶ. 79ರಲ್ಲಿ ವೆಸುವಿಯಸ್ ಜ್ವಾಲಾಮುಖಿ ಸಿಡಿದಾಗ ಬೂದಿಯ ಅಡಿ ಸಿಕ್ಕವರ ದೇಹ ಕಾಲಾಂತರದಲ್ಲಿ ಕರಗಿ, ಗಟ್ಟಿಯಾದ ಬೂದಿಯಲ್ಲಿ ಅವರ ಆಕಾರದ ಟೊಳ್ಳು ಉಳಿಯಿತು. 1863ರಲ್ಲಿ ಫಿಯೊರೆಲ್ಲಿ ಎಂಬ ಪುರಾತತ್ವಜ್ಞರು ಆ ಟೊಳ್ಳಿನೊಳಗೆ ಪ್ಲಾಸ್ಟರ್ ಸುರಿಸಿ ಈ ಅಚ್ಚುಗಳನ್ನು ತೆಗೆದರು. ಮೊಮ್ಮಗನಿಗೆ ನಾನು ಹಿಂದಿನ ರಾತ್ರಿಯೇ ಹೇಳಿದ್ದೆ: ನಾಳೆ ನಾವು ನೋಡುವುದು ಬೊಂಬೆಗಳಲ್ಲ, ಅವರು ನಮ್ಮ ಹಾಗೆಯೇ ಇದ್ದ ಮನುಷ್ಯರು, ಅಲ್ಲಿ ಗಲಾಟೆ ಮಾಡಬಾರದು. ಅವನು ಕೈಕಟ್ಟಿ ನಿಂತು ನೋಡಿದ. ಆಮೇಲೆ ಅವರಿಗೆ ಮಕ್ಕಳಿದ್ದರಾ ತಾತ ಎಂದು ಕೇಳಿದ. ಇದ್ದರು ಎಂದೆ.

ಹರ್ಕ್ಯುಲೇನಿಯಂನ ಮಾತು ಬೇರೆ. ಅಲ್ಲಿ ಕಡಲ ದಂಡೆಯ ದೋಣಿ ಇಡುವ ಕಮಾನುಗಳ ಕೆಳಗೆ ಆಸರೆ ಪಡೆದ ಸುಮಾರು 300 ಜನರ ಅಸ್ಥಿಗಳು ಸಿಕ್ಕಿವೆ, ಬಹುಪಾಲು 1980ರ ದಶಕದಲ್ಲಿ. ಅದು ಕಣ್ಣಿಗೆ ಬಲವಾಗಿ ನಾಟುವ ದೃಶ್ಯ. ಆರು ವರ್ಷಕ್ಕೆ ಬೇಡ ಎನ್ನುತ್ತೇನೆ. ದಂಡೆಯ ಕಡೆ ಇಳಿಯದೆ ಊರನ್ನು ಮಾತ್ರ ನೋಡಿ ಬರಬಹುದು. ಸುಟ್ಟು ಇದ್ದಿಲಾಗಿ ಉಳಿದ ಮರದ ತೊಲೆ, ಬಾಗಿಲು, ಅಟ್ಟದ ಹಲಗೆ ಅಲ್ಲಿ ಇವೆ. ಎರಡು ಸಾವಿರ ವರ್ಷ ಹಿಂದಿನ ಮರ! ಅದನ್ನು ನೋಡಿ ನಾನೇ ಮಗುವಾದೆ.

ಹಾಸನದ ಅಮ್ಮ:

ಮೇಷ್ಟ್ರೇ, ನಿಮ್ಮ ಮೇಲೆ ಗೌರವ ಇಟ್ಟುಕೊಂಡೇ ಒಂದು ಮಾತು. ಎಲ್ಲ ಮಕ್ಕಳೂ ನಿಮ್ಮ ಮೊಮ್ಮಗನಂತೆ ಇರುವುದಿಲ್ಲ. ನನ್ನ ಅಕ್ಕನ ಮಗಳು ಎಂಟು ವರ್ಷದವಳು. ಆ ಅಚ್ಚುಗಳ ಚಿತ್ರ ನೋಡಿಯೇ ಒಂದು ತಿಂಗಳು ಅಮ್ಮನ ಸೆರಗು ಹಿಡಿದು ಮಲಗಿದಳು. ಮೊದಲೇ ತಿಳಿಸಿ ಹೇಳುವುದು ಸರಿ. ಹೇಳಿದ ಮೇಲೆ ಮಗು ಬೇಡ ಎಂದರೆ ಅಲ್ಲಿಗೆ ಬಿಡಬೇಕು.

ನಿವೃತ್ತ ಮೇಷ್ಟ್ರು:

ಒಪ್ಪುತ್ತೇನೆ ತಾಯಿ. ಮಗುವಿನ ಮಾತೇ ಅಂತಿಮ.

ವೆಸುವಿಯಸ್ ನೆರೆಮನೆ:

ನೇಪಲ್ಸ್‌ನಲ್ಲಿ ಓದುತ್ತಿದ್ದೇನೆ, ಅತ್ತೆಯವರ ಮಂಡಿನೋವಿನ ವಿಷಯ ನೋಡಿ ಬರೆಯುತ್ತಿದ್ದೇನೆ. ಹರ್ಕ್ಯುಲೇನಿಯಂಗೆ ಎರ್ಕೊಲಾನೊ ಸ್ಕಾವಿ ನಿಲ್ದಾಣದಲ್ಲಿ ಇಳಿದು ಒಂದೇ ನೇರ ರಸ್ತೆಯಲ್ಲಿ ಕಡಲಿನ ಕಡೆಗೆ ನಡೆಯಬೇಕು. ಹೋಗುವಾಗ ಇಳಿಜಾರು, ಹತ್ತು ನಿಮಿಷ. ಬರುವಾಗ ಸುಸ್ತಾದ ಮಕ್ಕಳ ಜೊತೆ ಏರು. ಹಳೆಯ ಊರು ಈಗಿನ ನೆಲಮಟ್ಟದಿಂದ ಸುಮಾರು 20 ಮೀಟರ್ ಕೆಳಗೆ ಹುದುಗಿತ್ತು, ಆದ್ದರಿಂದ ಒಳಗೂ ಇಳಿದು ಹತ್ತುವುದು ಇದ್ದದ್ದೇ.

ಪೊಂಪೇಯಿಯಲ್ಲಾದರೆ ಆಂಫಿಥಿಯೇಟರ್ ಕಡೆಯ ಬಾಗಿಲಿನಿಂದ ಗಾಲಿಕುರ್ಚಿಯೂ ಸ್ಟ್ರಾಲರೂ ಹೋಗುವಂತೆ ಸಿದ್ಧಪಡಿಸಿದ, ಮೂರು ಕಿಲೋಮೀಟರಿಗಿಂತ ಉದ್ದದ ದಾರಿಯಿದೆ. ಎಲ್ಲರೂ ನುಗ್ಗುವ ಪೋರ್ತಾ ಮರೀನಾ ಬಾಗಿಲು ಏರುಕಲ್ಲಿನ ದಾರಿ. ಅತ್ತೆಯವರಿಗೆ ಅದು ಬೇಡ. ದೊಡ್ಡ ಚೀಲ ಒಳಗೆ ಬಿಡುವುದಿಲ್ಲ. ಬಾಗಿಲಲ್ಲಿ ಉಚಿತವಾಗಿ ಇಡಬಹುದು.

ಮಳೆ ಬಂದರೆ ನೇಪಲ್ಸ್‌ನ ಪುರಾತತ್ವ ವಸ್ತುಸಂಗ್ರಹಾಲಯ ಇದೆ. ಮೆಟ್ರೊ ನಿಲ್ದಾಣದ ಹೆಸರೇ ಮುಸೆಯೊ, ಮಂಗಳವಾರ ರಜೆ. ಪೊಂಪೇಯಿಯಲ್ಲಿ 1938ರಲ್ಲಿ ಸಿಕ್ಕ ಭಾರತದ ದಂತದ ಪುಟ್ಟ ಶಿಲ್ಪ ಅಲ್ಲಿದೆ. ಪೊಂಪೇಯಿಯ ಲಕ್ಷ್ಮಿ ಎಂದು ಹೆಸರಾದರೂ ಅದು ಯಕ್ಷಿ ಎನ್ನುವ ವಿದ್ವಾಂಸರೇ ಹೆಚ್ಚು. ಸುಮಾರು ಒಂದು ಗೇಣಿನ ಎತ್ತರ, ಸೊಂಟಕ್ಕೆ ಡಾಬು, ಕಾಲು ತುಂಬ ಕಡಗ. ವೆಸುವಿಯಸ್ ಸಿಡಿಯುವ ಮೊದಲೇ ಅದು ನಮ್ಮ ಕಡೆಯಿಂದ ಕಡಲು ದಾಟಿ ಬಂದಿತ್ತು ಎಂದುಕೊಂಡಾಗ ನನಗೆ ಮೈ ಜುಮ್ಮೆಂದಿತು. ಅದನ್ನು ಇಟ್ಟಿರುವ ಕೋಣೆಯಲ್ಲಿ ಶೃಂಗಾರದ ಚಿತ್ರ, ಶಿಲ್ಪಗಳೇ ತುಂಬಿವೆ. ಮಕ್ಕಳನ್ನು ಹೊರಗೆ ಒಬ್ಬರ ಬಳಿ ಬಿಟ್ಟು ಸರದಿಯಲ್ಲಿ ಹೋಗಿ.

ಕೋಟೆನಾಡು:

ಕಡಲು ದಾಟಿದ ಮಾತು ಬಂತು, ಹಾಗಾಗಿ ನಮ್ಮೂರಿನ ಮಾತು ಸೇರಿಸುತ್ತೇನೆ. ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ಟೈಬೀರಿಯಸ್ ಚಕ್ರವರ್ತಿಯ ಬೆಳ್ಳಿ ನಾಣ್ಯ ಸಿಕ್ಕಿದೆ. ಯಶವಂತಪುರದಲ್ಲಿ 1891ರಲ್ಲಿ ರೈಲು ಮಾರ್ಗಕ್ಕೆ ನೆಲ ಅಗೆಯುವಾಗ ರೋಮನ್ ಬೆಳ್ಳಿ ನಾಣ್ಯಗಳ ರಾಶಿಯೇ ಸಿಕ್ಕಿತು. ನಾನು ಹುಡುಗನಾಗಿದ್ದಾಗ ಚಂದ್ರವಳ್ಳಿಯ ಕೆರೆಯ ದಂಡೆಯಲ್ಲಿ ಆಡಿದವನು. ಆ ಚಕ್ರವರ್ತಿ ಆಳಿದ ಊರಿನಲ್ಲಿ ಈಗ ಬದುಕುತ್ತಿದ್ದೇನೆ. ತುಂಗಾತೀರ ಅವರೇ, ಮಗಳಿಗೆ ಓಸ್ಟಿಯಾದ ಕಥೆ ಹೇಳುವಾಗ ಯಶವಂತಪುರದ ನಾಣ್ಯದಿಂದ ಶುರು ಮಾಡಿ. ಅವಳು ಆ ನಿಲ್ದಾಣದಲ್ಲಿ ರೈಲು ಹತ್ತಿರುತ್ತಾಳೆ, ಅಲ್ಲವೇ?

ಸ್ಟ್ರಾಲರ್ ಬಗ್ಗೆ ಕೇಳಿದ್ದಿರಿ. ಓಸ್ಟಿಯಾದ ಮುಖ್ಯ ಬೀದಿಯ ಹಾಸುಗಲ್ಲು ಕಪ್ಪು ಬಸಾಲ್ಟ್, ಒಂದೊಂದು ಕಲ್ಲೂ ಜೋಳದ ರೊಟ್ಟಿಯ ಅಗಲ, ನಡುವೆ ಬೆರಳು ತೂರುವಷ್ಟು ಸಂದು. ಸಣ್ಣ ಗಾಲಿಯ ಸ್ಟ್ರಾಲರ್ ಅಲ್ಲಿ ಎರಡು ಹೆಜ್ಜೆಗೊಮ್ಮೆ ಸಿಕ್ಕಿಬೀಳುತ್ತದೆ. ಬಟ್ಟೆಯ ಜೋಳಿಗೆಯೋ ಬೆನ್ನಿಗೆ ಕಟ್ಟುವ ಚೀಲವೋ ತನ್ನಿ. ಅತ್ತೆಯವರಿಗೆ ಗಟ್ಟಿ ಅಡಿಯ ಬೂಟು ಹಾಕಿಸಿ, ಚಪ್ಪಲಿ ಬೇಡ.

ಒಳಗೆ ಎಲ್ಲವನ್ನೂ ನೋಡುವ ಹಟ ಬೇಡ. ಕಡಲ ದೇವರು ನೆಪ್ಚೂನನ ಹೆಸರಿನ ಸ್ನಾನಗೃಹದಲ್ಲಿ ಮೀನಿನ ಬಾಲದ ಕುದುರೆಗಳ ಮೊಸಾಯಿಕ್, ಅದರ ಪಕ್ಕದ ರಂಗಮಂದಿರ, ಅದರ ಹಿಂದೆ ವರ್ತಕರ ಚೌಕ. ಆ ಚೌಕದಲ್ಲಿ ಒಂದೊಂದು ಕಚೇರಿಯ ಮುಂದೆಯೂ ನೆಲದ ಮೇಲೆ ಕಪ್ಪು-ಬಿಳಿ ಚಿತ್ರ: ಹಡಗು, ದೀಪಸ್ತಂಭ, ಡಾಲ್ಫಿನ್, ಒಂದು ಕಡೆ ಆನೆ. ಆನೆಯದು ಲಿಬಿಯಾದ ಸಬ್ರಾತಾ ಊರಿನ ವರ್ತಕರ ಜಾಗ. ಆನೆ ಹುಡುಕು ಎಂದು ಮಗಳನ್ನು ಬಿಟ್ಟರೆ ಅರ್ಧ ಗಂಟೆ ನಿಮಗೆ ಕುಳಿತುಕೊಳ್ಳಲು ಸಿಗುತ್ತದೆ.

ನ್ಯೂಕಾಸಲ್ ಕನ್ನಡತಿ:

ಇಟಲಿಯ ಚರ್ಚೆಯ ನಡುವೆ ಬಂದೆ, ಕ್ಷಮಿಸಿ. ಇಂಗ್ಲೆಂಡಿಗೆ ಬರುವವರು ಯಾರಾದರೂ ಇದ್ದರೆ ವಾಲ್ಸೆಂಡ್‌ಗೆ ಬನ್ನಿ. ರೋಮನ್ನರು ಕಟ್ಟಿಸಿದ ಹೇಡ್ರಿಯನ್ ಗೋಡೆಯ ಪೂರ್ವದ ತುದಿ ಅದು. ನ್ಯೂಕಾಸಲ್‌ನಿಂದ ಮೆಟ್ರೊ, ಇಳಿದರೆ ಕೆಲವೇ ನಿಮಿಷಕ್ಕೆ ಸೆಗೆಡೂನಂ ಕೋಟೆ. ಮೆಟ್ರೊ ನಿಲ್ದಾಣದ ಫಲಕಗಳು ಲ್ಯಾಟಿನ್ ಭಾಷೆಯಲ್ಲೂ ಇವೆ! ನಮ್ಮ ಹುಡುಗರು ಅದನ್ನು ಮಂತ್ರದಂತೆ ರಾಗವಾಗಿ ಓದುತ್ತಾರೆ. ಗೋಡೆಯ ನಡುಭಾಗದ ಗುಂಟ ಓಡುವ ಬಸ್ಸಿನ ಸಂಖ್ಯೆ ಎಡಿ122, ಗೋಡೆ ಕಟ್ಟಲು ತೊಡಗಿದ ವರ್ಷವೇ ಕ್ರಿ.ಶ. 122. ಚಳಿಗಾಲದಲ್ಲಿ ಬರುವವರು ಆ ಬಸ್ಸಿನ ವೇಳಾಪಟ್ಟಿ ನೋಡಿಕೊಳ್ಳಿ.

ತುಂಗಾತೀರ:

ತೀರ್ಮಾನ ಮಾಡಿದೆವು. ಪೊಂಪೇಯಿ ಈ ಸಲ ಇಲ್ಲ. ಮಗಳಿಗೆ ಹೇಳಿದೆ, ಅತ್ತಳು. ಹತ್ತು ವರ್ಷವಾದಾಗ ಖಂಡಿತ ಕರೆದುಕೊಂಡು ಹೋಗುತ್ತೇವೆ ಎಂದು ಅವಳ ಅಪ್ಪ ಕಾಗದದ ಮೇಲೆ ಬರೆದು ಸಹಿ ಹಾಕಿಕೊಟ್ಟರು. ಅದನ್ನು ಅವಳು ಜಾಮಿಟ್ರಿ ಪೆಟ್ಟಿಗೆಯಲ್ಲಿ ಇಟ್ಟುಕೊಂಡಿದ್ದಾಳೆ. ಹೋಗಿ ಬಂದು ಬರೆಯುತ್ತೇನೆ.

ಕೋಟೆನಾಡು:

ಒಳ್ಳೆಯ ತೀರ್ಮಾನ. ಖಾಲಿಯಾದ ದಿನಕ್ಕೆ ಎರಡು ಸಲಹೆ. ಮೆಟ್ರೊ ಸಿ ಮಾರ್ಗದ ಸಾನ್ ಜೊವಾನ್ನಿ ನಿಲ್ದಾಣ: 2018ರಲ್ಲಿ ತೆರೆಯಿತು. ಅಗೆಯುವಾಗ ಸಿಕ್ಕ ಹಲವು ವಸ್ತುಗಳನ್ನು ಅಲ್ಲಿಯೇ ಗಾಜಿನ ಪೆಟ್ಟಿಗೆಗಳಲ್ಲಿ ಇಟ್ಟಿದ್ದಾರೆ. ಕೆಳಗೆ ಇಳಿದಂತೆ ಗೋಡೆಯ ಮೇಲಿನ ಕಾಲವೂ ಹಿಂದೆ ಹಿಂದೆ ಹೋಗುತ್ತದೆ. ಮೆಟ್ರೊ ಟಿಕೆಟ್ಟಿಗೇ ವಸ್ತುಸಂಗ್ರಹಾಲಯ. ಎರಡನೆಯದು, ಮೆಟ್ರೊ ಎ ಮಾರ್ಗದ ಜೂಲಿಯೊ ಅಗ್ರಿಕೊಲಾದಲ್ಲಿ ಇಳಿದು ಸ್ವಲ್ಪ ನಡೆದರೆ ಮೇಲ್ಗಾಲುವೆಗಳ ಉದ್ಯಾನ. ಟಿಕೆಟ್ ಇಲ್ಲ, ಬೇಲಿ ಇಲ್ಲ. ಹುಲ್ಲುಗಾವಲಿನ ನಡುವೆ ಕ್ಲಾಡಿಯಸ್ ಚಕ್ರವರ್ತಿಯ ಕಾಲದ ಕಾಲುವೆಯ ಕಮಾನುಗಳ ಸಾಲು, ಪಕ್ಕದಲ್ಲೇ ರೈಲುಗಳು ಓಡುತ್ತವೆ. ನಿಮ್ಮ ಮಗನಿಗೆ ಇಷ್ಟವಾಗದಿದ್ದರೆ ನನ್ನನ್ನು ಕೇಳಿ.

ಸಾರಿಗೆ ಮುಷ್ಕರದ ದಿನಗಳನ್ನು ಹಿಂದಿನ ವಾರವೇ ನೋಡಿಕೊಳ್ಳಿ. ಇಲ್ಲಿ ಮುಷ್ಕರಗಳನ್ನು ಮುಂಚಿತವಾಗಿ ಪ್ರಕಟಿಸುತ್ತಾರೆ. ಆ ದಿನವೂ ಬೆಳಗ್ಗೆ ಮತ್ತು ಸಂಜೆ ಕೆಲವು ಗಂಟೆ ಸೇವೆ ಇರುತ್ತದೆ.

ತುಂಗಾತೀರ:

ಊರಿಗೆ ವಾಪಸ್ಸು ಬಂದು ನಾಲ್ಕು ದಿನವಾಯಿತು. ಮಾತು ಕೊಟ್ಟಂತೆ ಬರೆಯುತ್ತಿದ್ದೇನೆ.

ಕೊಲೋಸಿಯಂ ನೋಡಿದೆವು. ಮಕ್ಕಳಿಗೆ ಉಚಿತವಾದರೂ ಅವರ ಹೆಸರಿನಲ್ಲೂ ಟಿಕೆಟ್ ಮಾಡಿಸಿಕೊಂಡಿದ್ದೆವು, ಅದರಿಂದ ತೊಂದರೆಯಾಗಲಿಲ್ಲ. ಅತ್ತೆ ಲಿಫ್ಟಿನಲ್ಲಿ ಮೇಲೆ ಬಂದರು. ಫೋರಂ ಬಿಟ್ಟುಬಿಟ್ಟೆವು.

ಓಸ್ಟಿಯಾಕ್ಕೆ ಬುಧವಾರ ಹೋದೆವು. ಒಂಬತ್ತೂವರೆಗೆ ಒಳಗೆ ಇದ್ದೆವು. ಕಾಲ್ಸೇತುವೆಯನ್ನು ಅತ್ತೆ ನಿಧಾನವಾಗಿ ಕಂಬಿ ಹಿಡಿದು ದಾಟಿದರು. ಬೀದಿಯ ಕಲ್ಲು ಕೋಟೆನಾಡು ಅವರು ಹೇಳಿದಂತೆಯೇ ಇತ್ತು. ಅಂಚಿನ ಮಣ್ಣಿನ ಮೇಲೆ ನಡೆದರೆ ಮಂಡಿಗೆ ಹಿತ ಎಂದು ಅತ್ತೆಯೇ ಕಂಡುಕೊಂಡರು.

ರಂಗಮಂದಿರದಲ್ಲಿ ಅತ್ತೆ ಕೆಳಗಿನ ಸಾಲಿನಲ್ಲಿ ಕುಳಿತರು. ಮಗಳು ಅಪ್ಪನ ಜೊತೆ ಮೇಲಿನ ಸಾಲಿಗೆ ಹತ್ತಿ ಅಲ್ಲಿಂದ ಮೆಲ್ಲಗೆ ಅಜ್ಜೀ ಎಂದಳು. ಕೆಳಗೆ ಸ್ಪಷ್ಟವಾಗಿ ಕೇಳಿಸಿತು. ಅಜ್ಜಿ ಓ ಎಂದರು. ಹೀಗೆ ಒಂದು ಇಪ್ಪತ್ತು ಸಲ ಕೂಗಾಟ ನಡೆಯಿತು. ಆನೆಯನ್ನು ಮಗಳೇ ಹುಡುಕಿದಳು. ಸೊಂಡಿಲು, ದಂತ ಎಲ್ಲ ಇದೆ ಅಮ್ಮಾ ಎಂದು ದೂರದಿಂದಲೇ ಕಿರುಚಿದಳು.

ಮಗನ ಜಾಗ ಬೇರೆ. ಒಂದು ಹಳೆಯ ಗಿರಣಿಯಲ್ಲಿ ಕಪ್ಪು ಕಲ್ಲಿನ ದೊಡ್ಡ ಬೀಸುವ ಕಲ್ಲುಗಳು ನಿಂತಿವೆ, ಡಮರುಗದ ಆಕಾರ, ನನ್ನ ಎದೆಯ ಎತ್ತರ. ಅತ್ತೆ ಅಂಗೈಯಿಟ್ಟು ಮೇಲ್ಮೈ ಸವರಿ, ತೂತಿನ ಅಂಚು ಮುಟ್ಟಿ, ಇಲ್ಲಿ ಮರದ ಅಡ್ಡಗೋಲು ಸಿಗಿಸುತ್ತಿದ್ದರು, ಕಲ್ಲು ಸವೆದಿರುವ ಕಡೆ ನೋಡು ಎಂದು ಮಗಳಿಗೆ ತೋರಿಸಿದರು. ಚಿಕ್ಕಂದಿನಲ್ಲಿ ಅವರ ತವರಿನಲ್ಲಿ ರಾಗಿ ಬೀಸಿದ ಕೈ ಅದು. ಇಲ್ಲಿ ಕತ್ತೆಗಳು ಕಣ್ಣುಪಟ್ಟಿ ಕಟ್ಟಿಕೊಂಡು ಗಾಣದೆತ್ತಿನಂತೆ ಸುತ್ತುತ್ತಿದ್ದವು ಎಂದು ನಾನು ಓದಿ ಹೇಳಿದೆ. ಅಷ್ಟು ಕೇಳಿದ್ದೇ ತಡ, ಮಗ ಒಂದು ಕಲ್ಲಿನ ಸುತ್ತ ಸುತ್ತತೊಡಗಿದ. ಎತ್ತಿಕೋ ಎನ್ನದೆ ಅವನು ಅಷ್ಟು ನಡೆದದ್ದು ಆ ಆರು ದಿನಗಳಲ್ಲಿ ಅದೇ ಮೊದಲು.

ಬಾಗಿಲಿಲ್ಲದ ಸಾರ್ವಜನಿಕ ಶೌಚಾಲಯ, ಅಮೃತಶಿಲೆಯ ಸಾಲು ತೂತುಗಳು, ಅದರ ಬಗ್ಗೆ ಮಗಳ ಪ್ರಶ್ನೆಗಳು ಇನ್ನೂ ಮುಗಿದಿಲ್ಲ. ಹಳೆಯ ಹೋಟೆಲಿನ ಕಟ್ಟೆಯ ಎದುರು ನಿಂತು ಒಂದು ದೋಸೆ ಕೊಡಿ ಎಂದಳು. ಅವಲಕ್ಕಿ, ಚಟ್ನಿಪುಡಿ, ಸೌತೆಕಾಯಿ ನಮ್ಮ ಊಟ, ಪೈನ್ ಮರದ ಕೆಳಗೆ. ಒಂದೂವರೆಗೆ ಹೊರಗೆ ಬಂದೆವು. ಪಟ್ಟಣದ ಅರ್ಧವನ್ನೂ ನೋಡಲಿಲ್ಲ, ಬೇಸರವಿಲ್ಲ. ವಾಪಸ್ಸು ರೈಲಿನಲ್ಲಿ ಇಬ್ಬರೂ ನಿದ್ದೆ.

ಯಶವಂತಪುರದ ನಾಣ್ಯದ ಕಥೆಗೆ ವಿಶೇಷ ಧನ್ಯವಾದ. ಮುಂದಿನ ಸಲ ಯಶವಂತಪುರದಲ್ಲಿ ಇಳಿದಾಗ ಹಳಿಯ ಪಕ್ಕ ಅಗೆದು ನೋಡಬೇಕಂತೆ ಮಗಳಿಗೆ. ಪೊಂಪೇಯಿಯ ಸಹಿ ಪತ್ರ ಇನ್ನೂ ಪೆಟ್ಟಿಗೆಯಲ್ಲೇ ಇದೆ.

ಬೆಳ್ಳಂದೂರು ಅಪ್ಪ:

ಇಡೀ ಚರ್ಚೆ ಓದಿದೆ, ತುಂಬ ಉಪಯೋಗವಾಯಿತು. ನಾವು ಜನವರಿಯಲ್ಲಿ ನಾಲ್ಕು ವರ್ಷದ ಅವಳಿ ಮಕ್ಕಳೊಂದಿಗೆ ಹೋಗುತ್ತಿದ್ದೇವೆ. ಚಳಿಗಾಲದಲ್ಲೂ ಓಸ್ಟಿಯಾ ಸರಿಯೇ?

ಕೋಟೆನಾಡು:

ಸರಿ. ಜನ ಇನ್ನೂ ಕಡಿಮೆ. ಬಾಗಿಲು ಬೇಗ ಮುಚ್ಚುತ್ತಾರೆ, ಬೆಳಗ್ಗೆಯೇ ಹೋಗಿ. ಮಳೆ ಬಿದ್ದ ಮರುದಿನ ಕಲ್ಲು ಜಾರುತ್ತದೆ, ಅವಳಿಗಳಿಗೆ ಒಬ್ಬೊಬ್ಬರ ಕೈ ಬೇಕು. ಕೆಲವು ಮೊಸಾಯಿಕ್‌ಗಳನ್ನು ಚಳಿಗೆ ಹಾಳಾಗದಂತೆ ಮುಚ್ಚಿರುವುದುಂಟು, ಆನೆ ಸಿಗದಿದ್ದರೆ ಮಕ್ಕಳು ಬೇಸರ ಮಾಡಿಕೊಂಡಾರು. ಆನೆಯ ಆಸೆ ಮೊದಲೇ ಹಚ್ಚಬೇಡಿ. ಬೀಸುವ ಕಲ್ಲುಗಳನ್ನು ಯಾರೂ ಮುಚ್ಚುವುದಿಲ್ಲ, ಅಲ್ಲಿಂದ ಶುರು ಮಾಡಿ.